ಎಲೆಯ ಮುಂದೆ ಚಾಚಿದ ಕಾಲು

ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿರುವ ತಂಗಿಯ ಮನೆಯಲ್ಲಿ ಅಂದು ಸತ್ಯನಾರಾಯಣ ಪೂಜೆ. ತಂಗಿ, ಅವಳ ಗಂಡ, ಧಾರವಾಡದಿಂದ ಬಂದಿದ್ದ ಅವನ ತಾಯಿ, ನಾನು ಮತ್ತು ತಂಗಿಯ ಮಗ, ಐದೇ ಜನ. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಹುಡುಗ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ. ಕಾಲೇಜು ತಂಡಗಳು ಆಟಗಾರರನ್ನು ಆರಿಸಲು ನೋಡುವ ರ‍್ಯಾಂಕ್ ಪಟ್ಟಿಯಲ್ಲಿ ಅವನ ಹೆಸರು ತೀರ ಮೇಲಿತ್ತು. ಆ ವಾರವೇ ಒಂದು ದೊಡ್ಡ ಕಾಲೇಜಿನ ತಂಡ ಸೇರುವ ಕರಾರಿಗೆ ಸಹಿ ಹಾಕುವುದಿತ್ತು.

ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂತೆವು. ಹುಡುಗ ಮಾತ್ರ ಗೋಡೆಗೊರಗಿ ಎಡಗಾಲನ್ನು ನೆಟ್ಟಗೆ ಚಾಚಿಕೊಂಡ. ಎಲೆಯ ಮುಂದೆ ಕಾಲು ಚಾಚಿದರೆ ಆ ಅಜ್ಜಿ ಸಹಿಸುವವರಲ್ಲ.

“ಯಾಕಪಾ, ಕಾಲ ಮಡಚಾಕ ಬರಂಗಿಲ್ಲೇನು?”

“ಐಯಾಮ್ ಫೈನ್, ಅಜ್ಜಿ.”

“ಎಲ್ಲೀ ಫೈನೋ! ಮಂಡಿ ಬಾತು ತೆಂಗಿನಕಾಯಿ ಆಗ್ಯದ.” ಅಜ್ಜಿ ಮಗನತ್ತ ತಿರುಗಿದರು. “ಇವನ್ನ ಡಾಕ್ಟರಿಗೆ ತೋರಸೋ.”

ತಂಗಿಯ ಗಂಡ ನಕ್ಕ. “ಸೈನಿಂಗು ಮುಗೀಲಿ, ಅವ್ವಾ. ಈಗ ಸ್ಕ್ಯಾನು ಮಾಡಿಸಿದ್ರ ಕಾಲೇಜಿಗೆ ಸುದ್ದಿ ಮುಟ್ಟತದ. ರ‍್ಯಾಂಕ್ ಬಂದದ, ಇನ್ನೇನು ಚಿಂತಿ?”

ಅವನು ಸಿಇಟಿ ಬರೆದು ಬಂದವನು. ರ‍್ಯಾಂಕ್ ಬಂದರೆ ಸೀಟು, ಸೀಟು ಸಿಕ್ಕರೆ ಬದುಕು ದಡ ಸೇರಿದ ಹಾಗೆ. ಪಟ್ಟಿಯೇನೂ ಸುಳ್ಳಲ್ಲ, ಮೇಲಿದ್ದ ಹುಡುಗರೇ ಹೆಚ್ಚಾಗಿ ಗೆಲ್ಲುವುದನ್ನು ನಾನೂ ಟಿವಿಯಲ್ಲಿ ಕಂಡಿದ್ದೇನೆ. ಆದರೆ ಪಟ್ಟಿ ಮಾಡಿದವರು ನೋಡಿದ್ದು ಹೋದ ವರ್ಷದ ಓಟವನ್ನು. ಈ ಮಂಡಿಯನ್ನು ನೋಡಿದವರು ನಾವು ಐವರೇ. ನಾನು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.

ಏಳುವಾಗ ಹುಡುಗ ಅಜ್ಜಿಯ ಹೆಗಲು ಹಿಡಿದುಕೊಂಡ.

ಆಗಸ್ಟಿನಲ್ಲಿ, ಕಾಲೇಜಿನ ಅಭ್ಯಾಸದ ಮೂರನೆಯ ದಿನ, ಯಾರೂ ತಾಗದೆಯೇ ಅವನು ಮೈದಾನದಲ್ಲಿ ಕುಸಿದ. ಒಂದು ಪಂದ್ಯವನ್ನೂ ಆಡಲಿಲ್ಲ.