ಕಾಕಾನ ಲಾರಿಗೆ ಹಿಡಿದ ಚಳಿ

"ಯವ್ವಾ, ಗಾಡಿ ಬೆಚ್ಚಗಾಗವಲ್ದು. ಎಳೀವಲ್ದು," ಎಂದು ಕಾಕಾ ಫೋನ್ ಮಾಡಿದಾಗ ನಾನು ಅಹಮದಾಬಾದಿನ ನವರಂಗಪುರದ ಬಾಡಿಗೆ ಮನೆಯಲ್ಲಿ ಹಲ್ಲುಜ್ಜುತ್ತಿದ್ದೆ. ಬ್ರಷ್ ಬಾಯಲ್ಲಿಟ್ಟುಕೊಂಡೇ "ಬಂದೆ!" ಎಂದು ಕೂಗಿದೆ. ಸ್ವಂತ ಚಿಕ್ಕಪ್ಪನ ಲಾರಿ ಕೆಟ್ಟರೆ ಯಾರಾದರೂ ಖುಷಿಪಡುತ್ತಾರೆಯೇ? ನಾನಂತೂ ಪಟ್ಟೆ. ಬೋಡಕ್‌ದೇವ್‌ನ ಆಫೀಸಿನಲ್ಲಿ ಕೂತು ಯಾರ್‍ಯಾರದೋ ಲಾರಿಗಳ ಇಂಜಿನ್ ಶಾಖವನ್ನು ಕಂಪ್ಯೂಟರಿನಲ್ಲಿ ಗೆರೆಗಳಾಗಿ ನೋಡುವುದು ನನ್ನ ಉದ್ಯೋಗ. ಓದಿದ್ದು ಮೆಕ್ಯಾನಿಕಲ್, ಕಾಲೇಜು ಬಿಟ್ಟ ಮೇಲೆ ಒಂದು ಸ್ಪ್ಯಾನರ್ ಕೂಡ ಕೈಗೆ ಬಂದಿರಲಿಲ್ಲ. ಎಣ್ಣೆ ಮೆತ್ತಿದ, ವಾಸನೆ ಹೊಡೆಯುವ ನಿಜವಾದ ಇಂಜಿನ್ ಈಗ ನನ್ನನ್ನೇ ಕರೆದಿತ್ತು.

ಕಾಕಾನಿಗೆ ಅದು ಖುಷಿಯ ಸಂಗತಿಯಾಗಿರಲಿಲ್ಲ. ಹಾವೇರಿ ಕಡೆಯಿಂದ ಅಹಮದಾಬಾದಿಗೆ ಮೆಣಸಿನಕಾಯಿ ತರುತ್ತಾನೆ, ವಾಪಸು ಹೋಗುವಾಗ ಸೂರತ್‌ನಲ್ಲಿ ಸೀರೆಯ ಗಂಟುಗಳನ್ನು ತುಂಬಿಕೊಳ್ಳುತ್ತಾನೆ. ಅರ್ಧ ಆಯುಷ್ಯ ಬೇರೆಯವರ ಲಾರಿ ಓಡಿಸಿ, ಹೋದ ವರ್ಷ ಬೇಸಿಗೆಗೆ ಮುಂಚೆ ಮೊದಲ ಸಲ ತನ್ನದೇ ಹೊಸ ಲಾರಿ ಕೊಂಡಿದ್ದ. ಚಳಿಗಾಲ ಬಂದದ್ದೇ ತಡ ಅದು ಮುದಿ ಎತ್ತಿನಂತೆ ತೆವಳತೊಡಗಿತ್ತು. ಸೂರತ್‌ನ ಬಟ್ಟೆ ವ್ಯಾಪಾರಿ ಹಿಂದಿನ ಸಲ ಮುಖಕ್ಕೆ ಹೊಡೆದಂತೆ ಹೇಳಿದ್ದನಂತೆ: ಇನ್ನೊಂದು ಸಲ ತಡವಾದರೆ ಈ ದಾರಿಯ ಲೋಡು ಬೇರೆಯವರಿಗೆ. ಆ ಇನ್ನೊಂದು ಸಲ ಎಂದರೆ ಅವತ್ತೇ, ಶನಿವಾರ. ಸಂಜೆ ಗೋದಾಮು ಮುಚ್ಚುವುದರೊಳಗೆ ಲಾರಿ ಅಲ್ಲಿರಬೇಕು. ಲೋಡು ತಪ್ಪಿದರೆ ಲಾರಿ ಮಾರಿ ಮತ್ತೆ ಯಾರದೋ ಸ್ಟೇರಿಂಗ್ ಹಿಡಿಯಬೇಕು.

ಆಟೋ ಹಿಡಿದು ನಾರೋಲಿನ ಗ್ಯಾರೇಜಿಗೆ ಹೋದೆ. ಇಲ್ಲಿಯವರು ಉತ್ತರಾಯಣ ಎನ್ನುವ ಸಂಕ್ರಾಂತಿಯ ಗಾಳಿಪಟದ ಹಬ್ಬ ಮುಗಿದು ವಾರವಾಗಿತ್ತು, ತಂತಿಗಳ ಮೇಲೆ ಇನ್ನೂ ಗಾಳಿಪಟಗಳು ತೂಗುತ್ತಿದ್ದವು. ಕಾಕಾ ಶಾಲು ಹೊದ್ದು ಲಾರಿಯ ಪಕ್ಕದಲ್ಲಿ ನಿಂತಿದ್ದ. ಇಂಜಿನ್ನಿಗೆ ಏನಾದರೂ ರಿಪೇರಿ ಮಾಡಿಸಿದ್ದೀಯಾ ಎಂದು ಕೇಳಿದರೆ, ಏನೂ ಮುಟ್ಟಿಲ್ಲ ಎಂದ. ಗ್ಯಾರೇಜಿನ ಮಿಸ್ತ್ರಿ ದಪ್ಪ ಮೀಸೆಯ, ಬಾಯಿತುಂಬಾ ನಗುವ ಮನುಷ್ಯ. ಅವನೂ ಚಿಕ್ಕಪ್ಪನನ್ನು ಕಾಕಾ ಎಂದೇ ಕರೆಯುತ್ತಿದ್ದ. ಗುಜರಾತಿಯಲ್ಲೂ ಚಿಕ್ಕಪ್ಪನಿಗೆ ಅದೇ ಹೆಸರಾದ್ದರಿಂದ ನಮ್ಮ ಕಾಕಾ ಈ ಊರಿಗೆಲ್ಲ ಕಾಕಾ ಆಗಿಬಿಟ್ಟಿದ್ದಾನೆ.

"ಸೆನ್ಸರ್ ಖರಾಬ್ ಹೈ, ಬೆನ್," ಎಂದ ಮಿಸ್ತ್ರಿ; ಇಲ್ಲಿ ಹೆಣ್ಣುಮಕ್ಕಳೆಲ್ಲ ಬೆನ್, ಅಂದರೆ ಅಕ್ಕ-ತಂಗಿ. ಅವನ ಪ್ರಕಾರ ಇಂಜಿನ್ ಬಿಸಿಯಾಗುತ್ತಲೇ ಇದೆ, ಮೀಟರಿನ ಮುಳ್ಳು ಮಾತ್ರ ಸುಳ್ಳು ಹೇಳುತ್ತಿದೆ. ನಾನು ಒಪ್ಪಲಿಲ್ಲ. ಒಪ್ಪದಿದ್ದರೆ ನನ್ನ ಧ್ವನಿ ತಾನಾಗಿ ಏರುತ್ತದೆ, ಏರಿತು. ಕೊನೆಗೆ ಅವನೇ ಶಾಖ ಅಳೆಯುವ ಗನ್ ತಂದ. ಇಂಜಿನ್ ಶುರು ಮಾಡಿ ಸಾಕಷ್ಟು ಹೊತ್ತು ಓಡಿಸಿ ಗನ್ ಹಿಡಿದರೆ, ಅದು ಮುಳ್ಳಿನ ಮಾತನ್ನೇ ಹೇಳಿತು. ಮುಳ್ಳು ಪ್ರಾಮಾಣಿಕ! ಇಂಜಿನ್ನಿಗೆ ನಿಜವಾಗಿಯೂ ಚಳಿ!

ಆಮೇಲೆ ರೇಡಿಯೇಟರಿಗೆ ಹೋಗುವ ಮೇಲಿನ ಪೈಪನ್ನು ಕೈಯಿಂದ ಹಿಡಿದೆ. ಇಂಜಿನ್ ಕಾಯುವವರೆಗೆ ಆ ಪೈಪು ತಣ್ಣಗಿರಬೇಕು. ಒಳಗಿನ ಥರ್ಮೋಸ್ಟಾಟ್ ವಾಲ್ವ್ ಬಾಗಿಲು ಹಾಕಿಕೊಂಡು ನೀರನ್ನು ಇಂಜಿನ್ನಿನೊಳಗೇ ಸುತ್ತಿಸುತ್ತದೆ. ಕಾದ ಮೇಲಷ್ಟೇ ಬಾಗಿಲು ತೆಗೆದು ತಂಪಾಗಲು ರೇಡಿಯೇಟರಿಗೆ ಬಿಡುತ್ತದೆ. ಇಲ್ಲಿ ಪೈಪು ಆಗಲೇ ಉಗುರು ಬೆಚ್ಚಗಿತ್ತು. ಬಾಗಿಲು ತೆರೆದೇ ಇದೆ ಎಂದಾಯಿತು. "ವಾಲ್ವ್ ಸಿಕ್ಕಿಹಾಕಿಕೊಂಡಿದೆ! ಬಿಚ್ಚಿ!" ಎಂದು ಕೂಗಿದೆ, ಕುಣಿಯುವುದೊಂದು ಬಾಕಿ.

ಮಿಸ್ತ್ರಿ ನೀರು ಇಳಿಸಿ, ಬೋಲ್ಟು ಬಿಚ್ಚಿ, ಮುಚ್ಚಳ ಎತ್ತಿ ಇಣುಕಿದ. ಮತ್ತೆ ಇಣುಕಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕಾ, ಇಸ್‌ಮೇ ತೋ ವಾಲ್ವ್ ಹೀ ನಹೀ ಹೈ!"

ಗೂಡು ಖಾಲಿ. ಸಿಕ್ಕಿಹಾಕಿಕೊಳ್ಳಲು ಅಲ್ಲಿ ವಾಲ್ವೇ ಇರಲಿಲ್ಲ.

ನಾನು ಕಾಕಾನ ಕಡೆ ತಿರುಗಿದೆ. "ಏನೂ ಮುಟ್ಟಿಲ್ಲ ಅಂದಿದ್ದೆಯಲ್ಲ?"

"ಏನ್ ಮುಟ್ಟೀನಿ? ಗಾಡಿ ತಂದ ವಾರಾನ ಅದನ್ನ ತಗಸೀನಿ. ಅದನ್ನೇನ್ ರಿಪೇರಿ ಅಂತಾರನ? ಎಲ್ಲಾರೂ ತಗಸ್ತಾರ."

ಹೊಸ ಲಾರಿಗೆ ನಿಂಬೆಹಣ್ಣು ಕಟ್ಟುವಷ್ಟೇ ಸಹಜವಾಗಿ ವಾಲ್ವ್ ತೆಗೆಸಿದ್ದ. ಬಿಸಿಲ ನಾಡಿನಲ್ಲಿ ಓಡುವ ಗಾಡಿಗೆ ನೀರು ಸದಾ ತಂಪಾಗಿರಲಿ ಎಂಬುದು ಡ್ರೈವರುಗಳ ಹಳೆಯ ಪದ್ಧತಿ. ಮಿಸ್ತ್ರಿ ನಗು ನಿಲ್ಲಿಸಿ, ತಾನೂ ಎಷ್ಟೋ ಗಾಡಿಗಳಿಂದ ಅದನ್ನು ಕಿತ್ತೆಸೆದಿದ್ದೇನೆ ಎಂದು ಒಪ್ಪಿಕೊಂಡ. ಹಳೆಯ ಲಾರಿಗಳು ಡೀಸೆಲ್ ಜಾಸ್ತಿ ಕುಡಿದು ಸುಮ್ಮನಿರುತ್ತಿದ್ದವು. ಈ ಹೊಸದು ಹಾಗಲ್ಲ. ಇದರ ಸೈಲೆನ್ಸರಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ತುಂಬಿದಾಗ ಲಾರಿಯೇ ಮಸಿಯನ್ನು ಸುಟ್ಟು ಖಾಲಿ ಮಾಡಿಕೊಳ್ಳಬೇಕು, ಇಂಜಿನ್ ಕಾಯದೆ ಆ ಕೆಲಸ ಶುರುವಾಗುವುದೇ ಇಲ್ಲ. ಬೇಸಿಗೆಯಲ್ಲಿ ಹೇಗೋ ನಡೆದಿತ್ತು. ಚಳಿಯಲ್ಲಿ ಮಸಿ ತುಂಬಿ, ಹಳದಿ ದೀಪ ಹತ್ತಿ, ಲಾರಿ ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಂಡಿತ್ತು.

ಬಿಡಿಭಾಗಗಳ ಅಂಗಡಿ ತೆರೆಯುತ್ತಲೇ ಮಿಸ್ತ್ರಿ ಹೊಸ ವಾಲ್ವ್ ತಂದು ಕೂರಿಸಿದ. ಇನ್ನು ಮಸಿ ಸುಡಲು ಲಾರಿಯನ್ನು ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ಓಡಿಸಬೇಕು ಎಂದ. ಅದಕ್ಕೆ ವಡೋದರಾ ಕಡೆಯ ಎಕ್ಸ್‌ಪ್ರೆಸ್ ಹೆದ್ದಾರಿಗಿಂತ ಒಳ್ಳೆಯ ಜಾಗ ಯಾವುದು? ಯಾರೂ ಕರೆಯದಿದ್ದರೂ ನಾನು ಕ್ಯಾಬಿನ್ ಹತ್ತಿ ಕೂತೆ.

ಅಹಮದಾಬಾದ್ ದಾಟುವಷ್ಟರಲ್ಲಿ ಮುಳ್ಳು ಏಳತೊಡಗಿತು. ಆಫೀಸಿನಲ್ಲಿ ದಿನಾ ನೋಡುವ ಗೆರೆ ಇದೇ, ಆದರೆ ಈ ಗೆರೆಯ ಕೆಳಗೆ ನಾನೇ ಕೂತಿದ್ದೆ! "ಏರಾಕತ್ತೈತಿ ಕಾಕಾ! ಏರಾಕತ್ತೈತಿ!" ಎಂದು ಅವನ ತೋಳು ಅಲುಗಾಡಿಸಿದೆ.

ನೋಡಿದರೆ ಕಾಕಾನ ಹಣೆಯ ಮೇಲೆ ಬೆವರು. ಮುಳ್ಳು ಅರ್ಧದ ಹತ್ತಿರ ಬಂದಾಗ ಇಂಡಿಕೇಟರ್ ಹಾಕಿ ಗಾಡಿಯನ್ನು ಎಡಕ್ಕೆ ಎಳೆಯತೊಡಗಿದ.

"ಯಾಕ ಕಾಕಾ?"

"ಹೀಟ್ ಆಗಾಕತ್ತೈತಿ. ನಿಂದ್ರಸ್ತೀನಿ."

"ಆಗ್ಬೇಕಲ್ಲ! ಅದಕ್ಕ ಇಷ್ಟೆಲ್ಲಾ ಮಾಡೀವಿ!"

"ನಿನಗೇನ್ ಗೊತ್ತೈತಿ?" ಎಂದು ಗದರಿದ. ಅದಕ್ಕೆ ಮುಂಚೆ ಕಾಕಾ ನನ್ನನ್ನು ಗದರಿದ್ದು ನೆನಪೇ ಇಲ್ಲ. ಆಮೇಲೆ ತಾನೇ ಮೆತ್ತಗಾಗಿ, ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. ಬಹಳ ಹಿಂದೆ ಪುಣೆಯ ಹತ್ತಿರ ಘಾಟು ಹತ್ತುವಾಗ ಒಬ್ಬ ಮಾಲೀಕನ ಲಾರಿ ಇವನ ಕೈಯಲ್ಲಿ ಕಾದು ಜಾಮಾಯಿತು. ಮಾಲೀಕ ಬಂದು, ಎಲ್ಲರೆದುರು ಕೆನ್ನೆಗೆ ಹೊಡೆದು, ಕೀಲಿ ಕಿತ್ತುಕೊಂಡು, ಇವನನ್ನು ಘಾಟಿನಲ್ಲೇ ಬಿಟ್ಟುಹೋದ. ಈ ಸುದ್ದಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಆ ಮಾಲೀಕನನ್ನು ಈಗಲೇ ಹುಡುಕಿ ಹೊಡೆಯಬೇಕೆನ್ನುವಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಕ್ಯಾಬಿನ್ನಿನೊಳಗೆ ಸುಟ್ಟ ವಾಸನೆ. ಕಾಕಾನ ಕಾಲು ಬ್ರೇಕಿನ ಮೇಲೆ ಹೋಯಿತು.

"ಕಾಕಾ, ಅದು ಮಸಿ! ಮಸಿ ಸುಡಾಕತ್ತೈತಿ! ಈಗ ನಿಂದ್ರಿಸಿದ್ರ ಅರ್ಧಕ್ಕ ನಿಲ್ತೈತಿ, ಸೂರತ್ ಮುಟ್ಟೂದಿಲ್ಲ."

"ಇಂಜಿನ್ ಹೋದ್ರ?"

"ಹೋದ್ರ ನಿನ್ನ ಕಪಾಳಕ್ಕ ಹೊಡಿಯಾವ್ರು ಯಾರೂ ಇಲ್ಲ ಕಾಕಾ. ಮಾಲಕ ನೀನ!"

ಬಾಯಿಂದ ಹೊರಬಿದ್ದ ಮೇಲೆ ಹೆದರಿದೆ. ಚಿಕ್ಕಪ್ಪನಿಗೆ ಹೇಳುವ ಮಾತೇ ಅದು? ಕಾಕಾ ಬ್ರೇಕಿನಿಂದ ಕಾಲು ತೆಗೆದು ಇಂಡಿಕೇಟರ್ ಆರಿಸಿದ.

ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಏರಲಿಲ್ಲ, ಇಳಿಯಲಿಲ್ಲ. ಒಳಗೆ ಆ ಪುಟ್ಟ ಬಾಗಿಲು ತನ್ನ ಕೆಲಸ ಮಾಡುತ್ತಿತ್ತು. ವಡೋದರಾ ಇನ್ನೇನು ಬಂತು ಎನ್ನುವಾಗ ಹಳದಿ ದೀಪ ಪಟ್ಟನೆ ಆರಿತು. ನಾನು ಕಿರುಚಿದ್ದು ಪಕ್ಕದ ಟ್ಯಾಂಕರಿನವನಿಗೂ ಕೇಳಿಸಿರಬೇಕು! ಕಾಕಾ ಅನುಮಾನದಿಂದಲೇ ಆಕ್ಸಿಲರೇಟರ್ ಒತ್ತಿದ. ಲಾರಿ ಮುಂದಕ್ಕೆ ಜಿಗಿಯಿತು. ಇನ್ನಷ್ಟು ಒತ್ತಿದ. ಇಡೀ ಚಳಿಗಾಲ ಎಲ್ಲರಿಗೂ ದಾರಿ ಬಿಟ್ಟುಕೊಟ್ಟಿದ್ದ ಲಾರಿ ಆ ಟ್ಯಾಂಕರನ್ನು ಹಿಂದೆ ಹಾಕಿತು. ಕಾಕಾ ಅನಗತ್ಯವಾಗಿ ಹಾರ್ನ್ ಹೊಡೆದ, ನಾನು ಕೈಬೀಸಿದೆ.

ವಡೋದರಾದಲ್ಲಿ ಚಹಾಕ್ಕೂ ಇಳಿಯಲಿಲ್ಲ. ಸೂರತ್‌ನ ಗೋದಾಮು ತಲುಪಿದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ವ್ಯಾಪಾರಿ ಹೊರಗೆ ಬಂದು ಲಾರಿಯನ್ನೂ ಕಾಕಾನನ್ನೂ ನೋಡಿದ. "ಆಜ್ ಜಲ್ದೀ?" ಎಂದವನೇ ಹಮಾಲರಿಗೆ ಗಂಟುಗಳನ್ನು ತರಲು ಕೂಗಿದ. ಮುಂದಿನ ಸಲವೂ ನೀವೇ ಬನ್ನಿ ಎಂದು ಹೇಳಿ ಒಳಗೆ ಹೋದ. ಅಷ್ಟು ಸಲೀಸಾಗಿ ಮುಗಿದದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಸೀರೆಯ ಗಂಟುಗಳು ಒಂದರ ಮೇಲೊಂದು ಏರುತ್ತಿದ್ದವು. ಕಾಕಾ ನನ್ನ ಪಕ್ಕದಲ್ಲಿ ಬಂದು ನಿಂತ.

"ಇಷ್ಟ ದಿನ ಈ ಗಾಡೀನ ಯಾರದೋ ಗಾಡಿ ಹೊಡದಂಗ ಅಂಜಿ ಅಂಜಿ ಹೊಡದೆ ನೋಡವಾ," ಎಂದ. "ಇವತ್ತ ನಂದು ಅನಿಸ್ತು."