ಕೋಚಮ್ಮ ಕೇಳಿದ ಒಂದೇ ಪ್ರಶ್ನೆ

ಅಮೆರಿಕದ ಕಾಲೇಜಿನಿಂದ ಮಗಳ ಹೆಸರಿಗೆ ಕಾಗದ ಬಂದರೆ ಯಾರ ಮನೆಯಲ್ಲಾದರೂ ಕೇಸರಿಬಾತ್ ಮಾಡುತ್ತಾರೆ. ನಮ್ಮ ಮನೆಯಲ್ಲಿ ಯಜಮಾನರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿದರು.

"ಕೈಯಲ್ಲಿ ಬರ್ದಿದಾರೆ ಕಣೇ! ಲೆಟರ್‌ಹೆಡ್ ಇಲ್ಲ, ಸೀಲ್ ಇಲ್ಲ, ರೆಫರೆನ್ಸ್ ನಂಬರ್ ಇಲ್ಲ. ಯಾವ ಕಾಲೇಜು ಹೀಗೆ ಬರೆಯತ್ತೆ?"

(ಇವರು ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರ್ ಆಗಿದ್ದವರು. ಸಿಡ್ನಿಗೆ ಬಂದು ಎಂಟು ವರ್ಷವಾದರೂ ಸೀಲ್ ಇಲ್ಲದ ಮಾತನ್ನು ನಂಬುವುದಿಲ್ಲ.)

ಬರೆದಾಕೆ ಆ ಕಾಲೇಜಿನ ಓಟದ ಕೋಚ್. ಅಕ್ಕನ ಮನೆಗೆಂದು ಮೆಲ್ಬರ್ನಿಗೆ ಬಂದಿದ್ದಾಗ ಅಲ್ಲಿ ನಡೆದ ಸ್ಕೂಲ್ ಮಕ್ಕಳ ಎಂಟುನೂರು ಮೀಟರ್ ಓಟ ನೋಡಿದರಂತೆ. ಸಿಡ್ನಿಯಿಂದ ಸ್ಕೂಲ್ ಟೀಮಿನ ಜೊತೆ ಹೋಗಿದ್ದ ನಮ್ಮ ಸಹನಾ ಅದರಲ್ಲಿ ಎರಡನೆಯವಳು. ನೀಲಿ ಇಂಕಿನಲ್ಲಿ ಎರಡು ಪುಟ. ಕೊನೆಗೆ ಹೀಗಿತ್ತು: 'ಮುಂದಿನ ವರ್ಷ ನನ್ನ ಟೀಮಿನಲ್ಲಿ ಒಂದು ಜಾಗವಿದೆ. ಕೊನೆಯ ತಿರುವಿನಲ್ಲಿ ನೀನೇ ಮುಂದಿದ್ದೆ. ಅಲ್ಲಿ ಒಮ್ಮೆ ತಲೆ ತಿರುಗಿಸಿ ಜನರ ಕಡೆ ನೋಡಿದೆ. ಏಕೆ?'

ಸಹನಾಳ ಸ್ಪೋರ್ಟ್ಸ್ ಟೀಚರನ್ನು ವಿಚಾರಿಸಿದೆವು. ಅವರು ನಕ್ಕುಬಿಟ್ಟರು. ಅಚ್ಚು ಹಾಕಿದ ಕಾಗದ ನೂರಾರು ಮಕ್ಕಳಿಗೆ ಹೋಗುತ್ತದಂತೆ. ನಿಜವಾಗಿ ಬೇಕಾದವರಿಗೆ ಮಾತ್ರ ಕೋಚ್‌ಗಳು ಕೂತು ಕೈಯಲ್ಲಿ ಬರೆಯುತ್ತಾರಂತೆ.

ಸರಿ, ಯಜಮಾನರು ಕಂಪ್ಯೂಟರ್ ಮುಂದೆ ಕೂತರು. 'ರೆಸ್ಪೆಕ್ಟೆಡ್ ಮೇಡಂ, ವಿತ್ ರೆಫರೆನ್ಸ್ ಟು ಯುವರ್ ಲೆಟರ್...' ಮ್ಯಾಥ್ಸ್ ಮಾರ್ಕ್ಸು, ಭರತನಾಟ್ಯದ ಜೂನಿಯರ್ ಪರೀಕ್ಷೆ, ಎಲ್ಲವೂ ಬಂತು. ನಮ್ಮ ಬಡಾವಣೆ ಕ್ವೇಕರ್ಸ್ ಹಿಲ್‌ನಲ್ಲೇ ಒಬ್ಬ ಜೆಪಿಯನ್ನು ಹುಡುಕಿ (ನಮ್ಮ ಗೆಜೆಟೆಡ್ ಆಫೀಸರ್ ಇದ್ದ ಹಾಗೆ) ಪ್ರತಿ ಸರ್ಟಿಫಿಕೇಟಿಗೂ 'ಟ್ರೂ ಕಾಪಿ' ಹಾಕಿಸಿದರು. ಕೆಳಗೆ ಸಹನಾ ಸೈನ್ ಮಾಡಿದಳು. ಓದಿದಳೇ? ಓದಲು ಬಿಟ್ಟವರು ಯಾರು? ನಾನೂ ಸ್ಪೆಲಿಂಗ್ ಮಾತ್ರ ನೋಡಿದೆ.

"ರೀ, ಅವರು ಏನೋ ಕೇಳಿದ್ರಲ್ಲ, ತಿರುಗಿ ನೋಡಿದ್ದು?"

"ಅದೆಲ್ಲ ಅಫಿಷಿಯಲ್ ಲೆಟರಲ್ಲಿ ಬರೆಯೋದಲ್ಲ, ಸುಮ್ನಿರು."

ಮೊನ್ನೆ ಉತ್ತರ ಬಂತು. ಮತ್ತೆ ಕೈಬರಹ, ನಾಲ್ಕೇ ಸಾಲು. 'ಡಿಯರ್ ಸಹನಾ, ನಿನ್ನ ಸರ್ಟಿಫಿಕೇಟುಗಳು ತಲುಪಿದವು. ನಿನ್ನ ಕಾಗದ ಇನ್ನೂ ತಲುಪಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ. ಈ ತಿಂಗಳೊಳಗೆ ನೀನೇ ಬರೆಯದಿದ್ದರೆ ಆ ಜಾಗ ಇನ್ನೊಬ್ಬಳಿಗೆ.'

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ. ಇಲ್ಲಿ ಅಪ್ಪನೇ ಕೂತು ಮಾಡಿದ್ದು, ಅಷ್ಟೇ ವ್ಯತ್ಯಾಸ.

ಅವರೊಬ್ಬರನ್ನೇ ಏಕೆ ಅನ್ನಲಿ? ಸ್ಕೂಲಿನಲ್ಲಿ ಟೀಚರ್ ಅವಳನ್ನು ಕೇಳಿದರೆ ಉತ್ತರ ಕೊಡುವವಳು ನಾನು. ಮೈಸೂರಿನ ಅಜ್ಜಿಗೆ ಫೋನ್ ಮಾಡುವಾಗ ಏನು ಹೇಳಬೇಕೆಂದು ಪಕ್ಕದಲ್ಲಿ ಪಿಸುಗುಟ್ಟುವವಳೂ ನಾನೇ. ಮಕ್ಕಳ ಬಾಯಿಗೆ ತುತ್ತು ಇಟ್ಟು ಅಭ್ಯಾಸ, ಮಾತನ್ನೂ ಇಟ್ಟುಬಿಡುತ್ತೇವೆ. ನೀವು ಹಾಗೆ ಮಾಡುವುದಿಲ್ಲವೇ?

ಸಹನಾ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು ಡೈನಿಂಗ್ ಟೇಬಲ್ಲಿಗೆ ಬಂದಳು. ಹೆಚ್ಚೇನೂ ಬರೆಯಲಿಲ್ಲ. ಮಡಿಸಿ ಕವರಿಗೆ ಹಾಕಿದಳು.

"ತೋರ್ಸಮ್ಮ, ಗ್ರಾಮರ್ ನೋಡ್ತೀನಿ," ಅಂದರು ಇವರು.

"ನೋ, ಅಪ್ಪ."

ಇವರು ತಬ್ಬಿಬ್ಬಾದರು. ಮೆಲ್ಲಗೆ ಕೇಳಿದರು. "ಹೋಗ್ಲಿ, ಯಾಕೆ ತಿರುಗಿ ನೋಡ್ದೆ ಅಂತ ನಮಗಾದ್ರೂ ಹೇಳು."

ಅವಳು ಕವರ್ ಅಂಟಿಸುತ್ತ, ತಲೆ ಎತ್ತದೆ ಹೇಳಿದಳು. "ಐ ಥಾಟ್ ಯೂ ಮೈಟ್ ಹ್ಯಾವ್ ಕಮ್."

ನಾವು ಹೋಗಿರಲಿಲ್ಲ. ಎರಡು ನಿಮಿಷದ ಓಟಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ ಅಂದುಕೊಂಡು, ಆ ಶನಿವಾರ ಫ್ರೆಂಡ್ಸ್ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿ ಹೊಟ್ಟೆತುಂಬ ಉಂಡು ಬಂದಿದ್ದೆವು. ನೆನೆದು ನಾಚಿಕೆಯಾಯಿತು. ಇವರು ಚಪ್ಪಲಿ ಮೆಟ್ಟಿಕೊಂಡು, "ಬಾ, ಪೋಸ್ಟ್ ಮಾಡಿ ಬರೋಣ," ಎಂದು ಅವಳ ಜೊತೆ ಹೊರಟರು.

ಕೋಚಮ್ಮನಿಗೆ ಉತ್ತರ ಹೋಯಿತು; ಮಗಳಿಗೆ ನಾವು ಏನಂತ ಬರೆಯೋಣ?