ಮೂರು ಚಮಚ ವೈನು

ವೈನು ಇಡುವುದು ಯಾರಿಗೆ ಬೇಕಾದರೂ ಬರುತ್ತದೆ. ಕಪ್ಪು ದ್ರಾಕ್ಷಿ ಹಿಸುಕಿ, ಸಕ್ಕರೆ ಸುರಿದು, ಒಂದು ಹಿಡಿ ಗೋಧಿ ಹಾಕಿಟ್ಟರೆ ಅದರ ಪಾಡಿಗೆ ಅದು ಉಕ್ಕಿ ಏನೋ ಒಂದಾಗುತ್ತದೆ. ಕಷ್ಟ ಇರುವುದು ಅದನ್ನು ತಿಳಿಯಾಗಿಸುವುದರಲ್ಲಿ. ಗಸಿ ತಳಕ್ಕೆ ಕೂರುವವರೆಗೂ ಅಲುಗಿಸಬಾರದು, ಮುಚ್ಚಳ ತೆಗೆದು ಇಣುಕಬಾರದು, ಸುಮ್ಮನಿರಬೇಕು. ಸುಮ್ಮನಿರುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ನನಗೆ ಬರುತ್ತಿತ್ತು.

ನಮ್ಮಮ್ಮ ರಿಚರ್ಡ್ಸ್ ಟೌನಿನ ಬಾಡಿಗೆ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ದೊಡ್ಡ ಪಿಂಗಾಣಿ ಭರಣಿಯಲ್ಲಿ ವೈನು ಇಡುತ್ತಿದ್ದಳು. ಬಾಯಿಗೆ ಬಟ್ಟೆ ಕಟ್ಟಿದರೆ ಮುಗಿಯಿತು, ಒಳಗೆ ಏನು ನಡೆಯುತ್ತಿದೆಯೋ ದೇವರಿಗೇ ಗೊತ್ತು. ಮದುವೆಯಾಗಿ ಕಗ್ಗದಾಸಪುರಕ್ಕೆ ಬಂದಾಗ ಆ ಭರಣಿಯೂ ನನ್ನ ಜೊತೆ ಬಂತು. ಇಪ್ಪತ್ತೆಂಟು ವರ್ಷ ಅದರಲ್ಲೇ ವೈನು ಇಟ್ಟೆ. ನಮ್ಮ ಮನೆಯವರಿಗೆ ಕಾರ್ಖಾನೆಯಲ್ಲಿ ಲೇತ್ ಕೆಲಸ. ಅವರ ಕೈಯಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಅಲ್ಲಿ ಎಲ್ಲರೂ ಹೇಳುತ್ತಿದ್ದರು. ಮನೆಗೆ ಬರುವಾಗ ಮಾತ್ರ ಕಾಲು ನೆಟ್ಟಗೆ ಬೀಳುತ್ತಿರಲಿಲ್ಲ. ಕುಡಿತ ಅವರನ್ನು ಹಿಂಡಿ ಹಿಪ್ಪೆ ಮಾಡಿತ್ತು, ನನ್ನನ್ನೂ.

ಕೊನೆಗೆ ಒಂದು ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾದಾಗ, ತಾವಾಗಿಯೇ ಬ್ಯಾಗು ತುಂಬಿಕೊಂಡು ಕುಡಿತ ಬಿಡಿಸುವ ಕೇಂದ್ರಕ್ಕೆ ಹೋಗಿ ಸೇರಿದರು. ಈಸ್ಟರಿಗೆ ಮನೆಗೆ ಬಂದಾಗ ಮುಖ ತೊಳೆದಿಟ್ಟ ಹಾಗಿತ್ತು. ಅಲ್ಲಿಂದಾಚೆಗೆ ಒಂದು ತೊಟ್ಟು ಮುಟ್ಟಲಿಲ್ಲ. ಬಾಯಿ ಸುಮ್ಮನಿರದು ಅಂತ ಸೋಂಪು ಜಗಿಯುತ್ತಿದ್ದರು. ಆದರೂ ಅವರು ಹೊರಗಿನಿಂದ ಬಂದಾಗಲೆಲ್ಲ ಬಾಗಿಲು ತೆಗೆಯುತ್ತಲೇ ನನ್ನ ಮೂಗು ಮುಂದಕ್ಕೆ ಹೋಗುತ್ತಿತ್ತು. ಅವರಿಗೆ ಅದು ಗೊತ್ತಾಗುತ್ತಿತ್ತು.

ಆಗಸ್ಟ್‌ನಲ್ಲಿ ದ್ರಾಕ್ಷಿ ಬಂದಾಗ, ಈ ವರ್ಷ ವೈನು ಬೇಡ ಅಂದೆ. ಹಬ್ಬದ ವೈನನ್ನು ನಮ್ಮಲ್ಲಿ ಯಾರೂ ಕುಡಿತ ಅನ್ನುವುದಿಲ್ಲ, ಅಜ್ಜಿಯಿಂದ ಮಕ್ಕಳವರೆಗೆ ಕೇಕಿನ ಜೊತೆ ಪುಟ್ಟ ಲೋಟದಲ್ಲಿ ಕೊಡುವ ವಸ್ತು ಅದು. ಆದರೂ ನನಗೆ ಅಳುಕು.

"ನನ್ ದೆಸೆಯಿಂದ ಮನೇಲಿ ಹಬ್ಬ ನಿಲ್ಲೋದು ಬೇಡ. ನೀನು ಇಡು. ನಾನು ನೋಡ್ಕೊಂಡು ಇರ್ತೀನಿ. ಇರಕ್ಕಾಗುತ್ತೆ ನಂಗೆ," ಅಂದರು.

ಆ ಸಲ ಭರಣಿ ತೊಳೆಯುವಾಗ ನೋಡಿದರೆ ತಳ ಬಿರುಕು ಬಿಟ್ಟಿತ್ತು. ಇಬ್ಬರೂ ಶಿವಾಜಿನಗರಕ್ಕೆ ಹೋಗಿ, ಮಾರ್ಕೆಟ್ ಹಿಂದಿನ ಓಣಿಯಲ್ಲಿ, ಹತ್ತು ಲೀಟರಿನ ಒಂದು ಗಾಜಿನ ಜಾಡಿ ತಂದೆವು. ಹೊಟ್ಟೆ ದಪ್ಪ, ಕತ್ತು ಸಣ್ಣ. ಅಂಗಡಿಯ ಸಾಬರು ಅದನ್ನು ಬೆಳಕಿಗೆ ಹಿಡಿದು, "ಇದ್ರಲ್ಲಿ ಎಲ್ಲಾ ಕಾಣ್ತದೆ ಅಮ್ಮಾ, ನಿಮ್ಗೆ ಡೌಟೇ ಬೇಡ," ಅಂದರು.

ಹಿಸುಕಿದ ದ್ರಾಕ್ಷಿಯನ್ನು ದೊಡ್ಡ ಸ್ಟೀಲು ಪಾತ್ರೆಯಲ್ಲಿಟ್ಟು, ಇಪ್ಪತ್ತೊಂದು ದಿನ ದಿನಕ್ಕೊಮ್ಮೆ ತಿರುಗಿಸಿ, ಬಟ್ಟೆಯಲ್ಲಿ ಸೋಸಿ, ಮೊಟ್ಟೆಯ ಬಿಳಿ ಕದಡಿ ಹಾಕಿ ಜಾಡಿಗೆ ತುಂಬಿದೆ. ಗಸಿ ಕೂತಮೇಲೆ ಮೇಲಿನ ತಿಳಿಯನ್ನು ಟ್ಯೂಬಿನಲ್ಲಿ ಇನ್ನೊಂದು ಪಾತ್ರೆಗೆ ಇಳಿಸಬೇಕು. ಮೊದಲೆಲ್ಲ ಟ್ಯೂಬನ್ನು ಬಾಯಿಂದ ಎಳೆದು ಹರಿಸುವ ಕೆಲಸ ಅವರದೇ, ಖುಷಿಯಿಂದ ಮಾಡುತ್ತಿದ್ದರು. ಆ ಸಲ ಟ್ಯೂಬಿನ ತುಂಬ ಕಾದಾರಿದ ನೀರು ತುಂಬಿ, ಎರಡು ಕಡೆಯೂ ಬೆರಳಿಟ್ಟು ತಂದುಕೊಟ್ಟರು. "ಹಿಂಗೆ ಬಿಟ್ರೆ ತಾನೇ ಎಳ್ಕೊಳ್ಳುತ್ತೆ. ಬಾಯಿ ಇಡೋದೇ ಬೇಡ," ಅಂದರು. ಮೊದಲು ಬಂದ ನೀರನ್ನು ಲೋಟಕ್ಕೆ ಹಿಡಿದು ಚೆಲ್ಲಿದೆವು, ಆಮೇಲೆ ವೈನು ಹರಿಯಿತು. ಮುಗಿಯುವವರೆಗೂ ಅವರು ಪಾತ್ರೆ ಹಿಡಿದು ನಿಂತಿದ್ದರು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ಜಾಡಿ ತೊಳೆದು, ವೈನನ್ನು ಮತ್ತೆ ಕತ್ತಿನವರೆಗೆ ತುಂಬಿ, ಬಿರಡೆ ಹಾಕಿ ಮೆಟ್ಟಿಲ ಕೆಳಗಿನ ಕತ್ತಲಿಗೆ ಸೇರಿಸಿದೆ. ಅವರು ಕೈ ತೊಳೆಯಲು ಹೋದಾಗ, ವೈನು ಎಲ್ಲಿಯವರೆಗಿದೆಯೋ ಅಲ್ಲಿಗೆ ಸರಿಯಾಗಿ ಒಂದು ಚೂರು ಟೇಪು ಅಂಟಿಸಿದೆ. ಅಷ್ಟರಲ್ಲಿ ಬಂದೇಬಿಟ್ಟರು.

"ಇದೇನು?"

"ಗಸಿ ಎಷ್ಟು ಕೂತಿದೆ ಅಂತ ನೋಡಕ್ಕೆ," ಅಂದೆ.

ಅವರು ಟೇಪನ್ನೇ ನೋಡಿದರು. ಜೀವನಪೂರ್ತಿ ಅಳತೆ ಮಾಡಿ ಬದುಕಿದ ಮನುಷ್ಯ. "ಗಸಿ ಕೂರೋದು ತಳದಲ್ಲಲ್ವಾ," ಅಂದು ಗಿಡಗಳಿಗೆ ನೀರು ಹಾಕಲು ಹೊರಟುಹೋದರು.

ಡಿಸೆಂಬರ್ ಮೊದಲ ವಾರ ಚಳಿ ಜೋರಾಯಿತು. ಒಂದು ಗುರುವಾರ ಬೆಳಿಗ್ಗೆ ಟಾರ್ಚು ಹಿಡಿದು ನೋಡಿದರೆ ವೈನು ಟೇಪಿಗಿಂತ ಎರಡು ಬೆರಳು ಕೆಳಗಿದೆ. ನನ್ನ ಮೈಯೆಲ್ಲ ಉರಿದುಹೋಯಿತು. ಅವರು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು, ನನಗೂ ಸೇರಿಸಿ. ನಾನು ಕೇಳಲಿಲ್ಲ, ವಿಚಾರಿಸಲಿಲ್ಲ. "ಕದ್ದು ಕುಡಿದ್ರಲ್ಲಾ ರೀ, ಮನೆಯಲ್ಲೇ, ದೇವರ ಹೆಸರಲ್ಲಿ ಇಟ್ಟಿದ್ದನ್ನ," ಅಂದೆ.

"ನಾನು ಮುಟ್ಟಿಲ್ಲ," ಅಂದರು. ಹತ್ತಿರ ಬಂದು ಬಾಯಿ ತೆರೆದರು. "ಮೂಸಿ ನೋಡು ಬೇಕಾದ್ರೆ."

"ಸೋಂಪು ಜಗಿಯೋದು ಯಾತಕ್ಕೆ ಅಂತ ಈಗ ಗೊತ್ತಾಯ್ತು ಬಿಡಿ."

ಇನ್ನೂ ಏನೇನೋ ಅಂದೆ. ಇಪ್ಪತ್ತೆಂಟು ವರ್ಷದ್ದೆಲ್ಲ ಕಕ್ಕಿದೆ. ಅವರು ಕಾಫಿಯನ್ನು ಮುಚ್ಚಿಟ್ಟರು, ಬ್ಯಾಗು ತುಂಬಿಕೊಂಡರು, ಬೀಗದ ಕೈಯನ್ನು ಟಿವಿ ಪಕ್ಕ ಇಟ್ಟು ಕೆ.ಆರ್. ಪುರದ ತಂಗಿ ಮನೆಗೆ ಹೊರಟುಹೋದರು. ಅವರು ಗೇಟು ದಾಟಿದ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ. ವೈನು ಈಗ ಇರುವಲ್ಲಿಗೆ ಇನ್ನೊಂದು ಟೇಪು ಅಂಟಿಸಿದೆ, ಸಾಕ್ಷಿಗೆ ಇರಲಿ ಅಂತ.

ಮಾರನೆಯ ದಿನ ಸಂಜೆ ನೋಡಿದೆ. ವೈನು ಎರಡನೆಯ ಟೇಪಿಗಿಂತಲೂ ಉಗುರಗಲ ಕೆಳಗಿತ್ತು. ಮನೆಯಲ್ಲಿ ನಾನೊಬ್ಬಳೇ. ಅವರ ಬೀಗದ ಕೈ ಟಿವಿ ಪಕ್ಕದಲ್ಲೇ ಇತ್ತು. ಜಾಡಿಯ ಸುತ್ತ ಕೈಯಾಡಿಸಿದೆ, ನೆಲ ಒಣಗಿತ್ತು, ಎಲ್ಲೂ ಸೋರಿರಲಿಲ್ಲ. ಚಳಿಗೆ ವೈನು ಕುಗ್ಗುತ್ತದೆ, ಒಳಗೆ ಉಳಿದ ಗಾಳಿಯೂ ಮೆಲ್ಲಗೆ ಬಿಟ್ಟುಹೋಗುತ್ತದೆ. ಭರಣಿಯಲ್ಲೂ ವರ್ಷವರ್ಷವೂ ಇಳಿದೇ ಇರಬೇಕು, ನಾವು ಯಾರೂ ನೋಡಿರಲಿಲ್ಲ ಅಷ್ಟೆ. ಚಮಚದಲ್ಲಿ ನೀರು ಅಳೆದು, ಅಂಥದೇ ಕತ್ತಿನ ಒಂದು ಸೀಸೆಗೆ ಹಾಕಿ ನೋಡಿದೆ. ಅಷ್ಟು ಸಣ್ಣ ಕತ್ತಿನಲ್ಲಿ, ನಾನು ರಂಪ ಮಾಡಿದ ಆ ಎರಡು ಬೆರಳು ತುಂಬಲು ಮೂರು ಚಮಚ ಸಾಕಾಯಿತು. ಲೀಟರುಗಟ್ಟಲೆ ಕುಡಿಯುತ್ತಿದ್ದ ಮನುಷ್ಯ, ಕದ್ದರೆ ಮೂರು ಚಮಚ ಕದಿಯುತ್ತಾನೆಯೇ? ನನ್ನ ಬುದ್ಧಿಗೆ ಏನಾಗಿತ್ತು?

ಅದು ಶುಕ್ರವಾರ. ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಫೋನು ಕೈಗೆ ತೆಗೆದುಕೊಂಡೆ, ಇಟ್ಟೆ. ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಂದ ಅವತ್ತಿನವರೆಗೆ ಬಂದೇ ಇರಲಿಲ್ಲ. ಜಗಳವಾದಾಗಲೆಲ್ಲ ಮೊದಲು ಬರುತ್ತಿದ್ದವರು ಅವರೇ, ಈಗಲೂ ಫೋನು ಮಾಡುತ್ತಾರೆ, ಆಗ ಹೇಳಿದರಾಯಿತು ಅಂದುಕೊಂಡೆ. ಶನಿವಾರ ಇಡೀ ದಿನ ಕೇಕಿಗೆ ಒಣದ್ರಾಕ್ಷಿ ಹೆಚ್ಚುತ್ತಾ ಕೂತೆ. ಫೋನು ಬರಲಿಲ್ಲ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ನಾದಿನಿ ಗೇಟಿಗೇ ಬಂದಳು. ಅವಳ ಕಣ್ಣು ಕೆಂಪಾಗಿತ್ತು.

"ಎರಡು ದಿನ ಈ ಮೆಟ್ಟಿಲ ಮೇಲೇ ಕೂತಿದ್ದ ಅತ್ತಿಗೆ. ಯಾವ ಆಟೋ ನಿಂತ್ರೂ ಎದ್ದೆದ್ದು ನೋಡ್ತಿದ್ದ. ಫೋನ್ ಮಾಡೋ ಅಂದ್ರೆ, ಈ ಸಲ ಅವಳೇ ಬರ್ಲಿ ಅಂದ. ನೆನ್ನೆ ಸಂಜೆ ಚಪ್ಪಲಿ ಹಾಕ್ಕೊಂಡು ಎದ್ದು ಹೋದ," ಅಂದಳು.

ಒಳಗೆ ಚಾಪೆಯ ಮೇಲೆ ಮಲಗಿದ್ದರು. ಮೂಸಿ ನೋಡುವ ಅಗತ್ಯವೇ ಇರಲಿಲ್ಲ, ಕೋಣೆಯೆಲ್ಲ ನಾತ. ಕಣ್ಣು ಬಿಟ್ಟು ನನ್ನನ್ನು ನೋಡಿ ಏಳಲು ಪ್ರಯತ್ನಿಸಿದರು. ಜೋಡಿಸಿಕೊಂಡು ಹೋದ ಮಾತೆಲ್ಲ ನನ್ನ ಗಂಟಲಲ್ಲೇ ಇತ್ತು. ಆದರೆ ಹೊರಗೆ ಬಂದದ್ದು ಬೇರೆ.

"ನೋಡಿದ್ರಾ? ನಾನು ಹೇಳಿದ್ದು ಸುಳ್ಳಾಯ್ತಾ?" ಅಂದೆ.

ಅವರು ಮತ್ತೆ ಮಲಗಿ ಗೋಡೆಯ ಕಡೆ ತಿರುಗಿಕೊಂಡರು.

ಮೂರು ದಿನದ ಮೇಲೆ ಮನೆಗೇನೋ ಬಂದರು. ಕುಡಿತವೂ ಜೊತೆಗೆ ಬಂತು. ಆ ವರ್ಷದ ವೈನಿನಷ್ಟು ತಿಳಿಯಾದದ್ದನ್ನು ನಾನು ಯಾವತ್ತೂ ಮಾಡಿರಲಿಲ್ಲ. ಹಂಚಿದ ಮನೆಯವರೆಲ್ಲ ಏನು ಹಾಕಿದ್ರಿ ಅಂತ ಕೇಳಿದರು. ಮೊಟ್ಟೆಯ ಬಿಳಿ ಅಂದೆ. ಜಾಡಿಯಲ್ಲಿ ವೈನು ತಾನಾಗಿ ಇಳಿದ ವಿಷಯ ಮಾತ್ರ ನಮ್ಮ ಮನೆಯವರಿಗೆ ಹೇಳಲಿಲ್ಲ. ಇವತ್ತು ಕುಡಿದಿದ್ದಾರೆ, ನಾಳೆ ಹೇಳೋಣ. ಇವತ್ತು ಸರಿಯಾಗಿದ್ದಾರೆ, ಯಾಕೆ ಕೆದಕುವುದು. ಹೀಗೇ ಒಂದು ವರ್ಷ ಕಳೆಯಿತು.

ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ, ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ವಾರ್ಡಿನ ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ತಿರುವಿ ಹಾಕಿದರು. ಚಿಕ್ಕ ವಯಸ್ಸಿನ ಹುಡುಗಿ, ಮಾತು ಮೆದು.

"ಒಂಬತ್ತು ತಿಂಗಳು ಪೂರ್ತಿ ಬಿಟ್ಟಿದ್ರಂತಲ್ಲ ಸರ್. ಅಷ್ಟು ಚೆನ್ನಾಗಿ ಬಿಟ್ಟವರು ಮತ್ತೆ ಯಾಕೆ ಶುರು ಮಾಡಿದ್ರಿ?" ಅಂತ ಕೇಳಿದಳು.

ಅವರು ನನ್ನ ಕಡೆ ನೋಡಲಿಲ್ಲ. ನೋಡಿದರೆ ಡಾಕ್ಟರಿಗೆ ಗೊತ್ತಾಗಿಬಿಡುತ್ತದೆ ಅಂತ ಇರಬೇಕು.

"ಮನೇಲಿ ಹಬ್ಬಕ್ಕೆ ಅಂತ ವೈನ್ ಇಟ್ಟಿದ್ರು ಡಾಕ್ಟ್ರೇ," ಅಂದರು. "ನಾನೇ ಕದ್ದು ಕುಡಿದೆ."

ಆಕೆ ಅದನ್ನು ಬರೆದುಕೊಂಡಳು. ನಾನು ಮಂಚದ ಪಕ್ಕದಲ್ಲೇ, ಅವರ ಟವೆಲು ಹಿಡಿದುಕೊಂಡು ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.